ನಿಮ್ಮ ಕಥೆಯ ನೌಕೆಗೆ ಯಾವ ಹೈಡ್ರೋಜನ್ ತುಂಬಿಸಬೇಕು?

ವಿಜ್ಞಾನ ಕಥೆ ಬರೆಯುವ ಗೆಳೆಯರು ನನಗೆ ಕರಡು ಕಳಿಸುವಾಗ ಜೊತೆಗೊಂದು ಪ್ರಶ್ನೆಯನ್ನೂ ಕಳಿಸುತ್ತಾರೆ. ನೌಕೆ ಯಾವುದರಿಂದ ಓಡಬೇಕು? ಕೆಲವರು ಆಗಲೇ ಒಂದು ಹೊಸ ಧಾತುವನ್ನು ಹುಟ್ಟಿಸಿರುತ್ತಾರೆ, ಹೆಸರಿನ ತುದಿಗೆ ‘ಇಯಂ’ ಅಂತ ಅಂಟಿಸಿ. ನಾನು ಹೇಳುವುದು ಒಂದೇ. ಹೊಸದು ಬೇಡ, ಹೈಡ್ರೋಜನ್ ಸಾಕು. ಶಾಲೆಯಲ್ಲಿ ಜಲಜನಕ ಅಂತ ಓದಿದೆವಲ್ಲ, ಅದೇ.

ಆಗ ಇನ್ನೊಂದು ಪ್ರಶ್ನೆ ಬರುತ್ತದೆ. ಯಾವ ಹೈಡ್ರೋಜನ್? ಈ ಒಂದೇ ಧಾತು ಕಥಾಲೋಕದಲ್ಲಿ ಹಲವು ವೇಷ ಹಾಕುತ್ತದೆ. ಒಂದು ಕಡೆ ಬರೀ ಮಂಜುಗಡ್ಡೆ. ಇನ್ನೊಂದು ಕಡೆ ಅದರ ಭಾರದ ರೂಪ ಡ್ಯೂಟೀರಿಯಂ, ಮತ್ತೊಂದು ಕಡೆ ಇನ್ನೂ ಭಾರದ, ತಾನಾಗಿ ಸವೆಯುವ ಟ್ರಿಟಿಯಂ. ಆಕಾಶದಿಂದಲೇ ಬಾಚಿಕೊಳ್ಳುವವರಿದ್ದಾರೆ, ಮಾಮೂಲಿ ವಸ್ತುವಿಗೆ ತಾಗಿದರೆ ಎರಡೂ ಅಳಿದು ಬರೀ ಶಕ್ತಿಯಾಗುವ ಆಂಟಿಹೈಡ್ರೋಜನ್ ತುಂಬುವವರೂ ಇದ್ದಾರೆ. ಯಾವುದನ್ನು ಆರಿಸಿದಿರಿ ಅನ್ನುವುದರ ಮೇಲೆ ಕಥೆಯೇ ಬೇರೆಯಾಗಿಬಿಡುತ್ತದೆ.

ಇದನ್ನು ನಾನು ಪೆಟ್ಟು ತಿಂದೇ ಕಲಿತದ್ದು. ನನ್ನ ಶುರುವಿನ ಒಂದು ಕಥೆಯಲ್ಲಿ 300 ವರ್ಷ ಪಾಳುಬಿದ್ದ ನೌಕೆಯೊಂದು ಸಿಗುತ್ತದೆ. ಟ್ಯಾಂಕಿನ ತುಂಬ ಟ್ರಿಟಿಯಂ. ನಾಯಕ ಗುಂಡಿ ಒತ್ತಿ ಹೊರಟೇ ಬಿಡುತ್ತಾನೆ. ಕಥೆ ಅಚ್ಚಾಯಿತು. ಆಮೇಲೆ ಭೌತಶಾಸ್ತ್ರದ ಮೇಷ್ಟ್ರೊಬ್ಬರು ಕಾಗದ ಬರೆದರು. ಟ್ರಿಟಿಯಂನ ಅರ್ಧಾಯು, ಅಂದರೆ ಇದ್ದದ್ದರಲ್ಲಿ ಅರ್ಧ ಕಳೆದುಹೋಗಲು ಹಿಡಿಯುವ ಕಾಲ, 12.3 ವರ್ಷ, ಲೆಕ್ಕ ಹಾಕಿ ನೋಡಿ ಅಂದಿದ್ದರು. ಹಾಕಿದೆ. 300 ವರ್ಷ ಕಳೆದರೆ ಒಂದು ಕಿಲೋದಲ್ಲಿ ಉಳಿಯುವುದು ಒಂದು ಮಿಲಿಗ್ರಾಂನ ಇಪ್ಪತ್ತನೇ ಒಂದು ಭಾಗಕ್ಕೂ ಕಮ್ಮಿ. ನನ್ನ ನಾಯಕ ಖಾಲಿ ಟ್ಯಾಂಕಿನಲ್ಲಿ ಊರು ಸೇರಿದ್ದ.

ಮೊದಲು ಅಳತೆಗೋಲು

‘ಯಾವುದರಲ್ಲಿ ಶಕ್ತಿ ಜಾಸ್ತಿ?’ ಬಹಳ ಜನ ಇಲ್ಲಿಂದಲೇ ಶುರು ಮಾಡುತ್ತಾರೆ. ನಾನು ಅದನ್ನು ಕೊನೆಗೆ ಇಡುತ್ತೇನೆ. ಶಕ್ತಿ ಎಷ್ಟಿದ್ದರೂ ಕಥೆಗೆ ಅದರಿಂದ ಒಂದು ಸಾಲು ಸಿಗಬಹುದು, ಅಷ್ಟೇ. ಆ ವಸ್ತು ಕೊಡುವ ಕಾಟದಿಂದ ಪುಟಗಟ್ಟಲೆ ಸಿಗುತ್ತದೆ.

ಹಾಗಾಗಿ ನಾನು ಮೊದಲು ಕೇಳುವುದು, ಅದು ಎಲ್ಲಿ ಸಿಗುತ್ತದೆ ಮತ್ತು ಯಾರ ಹಿಡಿತದಲ್ಲಿದೆ. ಎಲ್ಲ ಕಡೆ ಸಿಗುವ ವಸ್ತುವಿಗಾಗಿ ಯಾರೂ ಹೊಡೆದಾಡುವುದಿಲ್ಲ. ‘ಸ್ಟಾರ್ ಟ್ರೆಕ್’ನಂಥ ದೊಡ್ಡ ಲೋಕವೂ ಇಲ್ಲಿ ಎಡವಿದೆ. ಅಲ್ಲಿನ ನೌಕೆಗಳು ಡ್ಯೂಟೀರಿಯಂ ಮತ್ತು ಅದರ ಪ್ರತಿದ್ರವ್ಯವನ್ನು (ಆಂಟಿಮ್ಯಾಟರ್) ಕೂಡಿಸಿ ಓಡುತ್ತವೆ. ‘ವಾಯೇಜರ್’ ಸರಣಿಯ 1998ರ ಒಂದು ಕಂತಿನಲ್ಲಿ ನೌಕೆಯ ಡ್ಯೂಟೀರಿಯಂ ತಳ ಕಾಣುತ್ತದೆ. ಕಾಲಿಡಲಾಗದ ವಿಷದ ಗ್ರಹಕ್ಕೆ ಇಳಿದು ಹುಡುಕಬೇಕಾಗುತ್ತದೆ. ನೋಡುಗರು ಅದನ್ನು ಇವತ್ತಿಗೂ ಆಡಿಕೊಳ್ಳುತ್ತಾರೆ. ವಿಶ್ವದ ಮಾಮೂಲಿ ದ್ರವ್ಯದಲ್ಲಿ ತೂಕದ ಲೆಕ್ಕದಲ್ಲಿ ಮುಕ್ಕಾಲು ಪಾಲು ಹೈಡ್ರೋಜನ್. ನೀರಿರುವ ಎಲ್ಲ ಕಡೆಯೂ ಅದರ ಜೊತೆ ಒಂದಿಷ್ಟು ಡ್ಯೂಟೀರಿಯಂ ಇದ್ದೇ ಇರುತ್ತದೆ. ಅದಕ್ಕೆ ಬರ ಬಂತು ಅಂದರೆ ನಂಬುವುದು ಕಷ್ಟ, ಅಲ್ವಾ?

ಎರಡನೆಯದು, ಇಟ್ಟುಕೊಳ್ಳುವುದು ಎಷ್ಟು ಕಷ್ಟ. ಸೋರುತ್ತದಾ? ಕಾಲ ಕಳೆದಂತೆ ಸವೆಯುತ್ತದಾ? ಡಬ್ಬಿಗೆ ತಾಗಿದರೆ ಸಿಡಿಯುತ್ತದಾ? ಮೂರನೆಯದು ದೂರ. ಗ್ರಹದಿಂದ ಗ್ರಹಕ್ಕೋ, ನಕ್ಷತ್ರದಿಂದ ನಕ್ಷತ್ರಕ್ಕೋ? ನಾಲ್ಕನೆಯದು ಬಜೆಟ್. ದುಡ್ಡಲ್ಲ, ಪುಟ. 2,000 ಪದದ ಕಥೆಯಲ್ಲಿ ಎಂಜಿನ್ ಬಗ್ಗೆ ನಿಮಗೆ ಸಿಗುವುದು ನಾಲ್ಕು ಸಾಲು. ಕಾದಂಬರಿಯಲ್ಲಾದರೆ ಒಂದು ಅಧ್ಯಾಯವನ್ನೇ ಕೊಡಬಹುದು. ಕೆಲವು ಇಂಧನಗಳು ಅರ್ಧ ಸಾಲಿನಲ್ಲಿ ಓದುಗರಿಗೆ ಅರ್ಥವಾಗುತ್ತವೆ. ಕೆಲವಕ್ಕೆ ಎರಡು ಪುಟ ಪಾಠ ಮಾಡಬೇಕಾಗುತ್ತದೆ.

ಮಂಜುಗಡ್ಡೆ ಮತ್ತು ದ್ರವ ಹೈಡ್ರೋಜನ್

ಕಥೆ ಸೌರಮಂಡಲದ ಒಳಗೇ ನಡೆಯುವುದಾದರೆ ನಾನು ಮೊದಲು ತೋರಿಸುವುದು ಇದನ್ನೇ. ಇಲ್ಲಿ ಹೈಡ್ರೋಜನ್ ಉರಿಯುವ ವಸ್ತುವೇ ಆಗಿರಬೇಕಿಲ್ಲ. ಹಿಂದಕ್ಕೆ ಎಸೆಯುವ ವಸ್ತುವಾದರೂ ಸಾಕು. ಪರಮಾಣು ರಿಯಾಕ್ಟರಿನಲ್ಲಿ ಅದನ್ನು ಕಾಯಿಸಿ ನಳಿಕೆಯಿಂದ ಹೊರಗೆ ಬಿಟ್ಟರೆ ನೌಕೆ ಮುಂದೆ ಹೋಗುತ್ತದೆ. ಹೈಡ್ರೋಜನ್ನೇ ಯಾಕೆ? ಎಲ್ಲಕ್ಕಿಂತ ಹಗುರ. ಅದೇ ಬಿಸಿಗೆ ಹಗುರ ಕಣ ಹೆಚ್ಚು ವೇಗವಾಗಿ ಓಡುತ್ತದೆ.

ಇದು ಕಲ್ಪನೆಯಲ್ಲ. ಅಮೆರಿಕದ ನೆವಾಡಾ ಮರುಭೂಮಿಯಲ್ಲಿ 1960ರ ದಶಕದಲ್ಲಿ ಇಂಥ ಎಂಜಿನ್‌ಗಳನ್ನು ನೆಲದ ಮೇಲೆ ಕಟ್ಟಿ ಓಡಿಸಿ ನೋಡಿದ್ದಾರೆ. ನರ್ವಾ ಅಂತ ಅದರ ಹೆಸರು. 1973ರಲ್ಲಿ ದುಡ್ಡು ನಿಂತುಹೋಯಿತು. ಹೈಡ್ರೋಜನ್ನನ್ನು ಆಕ್ಸಿಜನ್ ಜೊತೆ ಉರಿಸುವ ಒಳ್ಳೆಯ ರಾಕೆಟ್ಟಿನಲ್ಲಿ ಅನಿಲ ಸೆಕೆಂಡಿಗೆ ಸುಮಾರು 4.5 ಕಿ.ಮೀ. ವೇಗದಲ್ಲಿ ಹೊರಬೀಳುತ್ತದೆ. ನರ್ವಾದ ಲೆಕ್ಕದಲ್ಲಿ 8 ಕಿ.ಮೀ. ದಾಟುತ್ತದೆ. ಹತ್ತಿರ ಹತ್ತಿರ ಎರಡು ಪಟ್ಟು.

ಕಾಟ ಶುರುವಾಗುವುದು ಟ್ಯಾಂಕಿನಲ್ಲಿ. ಹೈಡ್ರೋಜನ್ ದ್ರವವಾಗಿ ಇರಬೇಕಾದರೆ ಮೈನಸ್ 253 ಡಿಗ್ರಿ ಬೇಕು. ಅಷ್ಟು ಮಾಡಿದರೂ ಒಂದು ಲೀಟರ್ ತೂಗುವುದು ಬರೀ 71 ಗ್ರಾಂ. ಅಂದರೆ ನೌಕೆಯ ಬಹುಪಾಲು ಟ್ಯಾಂಕೇ. ಕಥೆಯಲ್ಲಿ ಚೂಪು ಮೂಗಿನ ಪುಟ್ಟ ನೌಕೆ ಬರೆದು ಅದರ ಹೊಟ್ಟೆಗೆ ದ್ರವ ಹೈಡ್ರೋಜನ್ ತುಂಬಿದರೆ ತಿಳಿದವರು ನಗುತ್ತಾರೆ.

ಸೋರುವುದಂತೂ ಇದರ ಹುಟ್ಟುಗುಣ. ಅಣು ಅಷ್ಟು ಚಿಕ್ಕದು. ಲೋಹದ ಒಳಗೇ ನುಸುಳಿ ಅದನ್ನು ಪೆಡಸು ಮಾಡುವ ಗುಣ ಬೇರೆ. 2021ರ ಆಗಸ್ಟ್ 12ರಂದು ನಮ್ಮ ಜಿಎಸ್‌ಎಲ್‌ವಿ-ಎಫ್10 ಕೆಟ್ಟಿದ್ದು ನೆನಪಿದೆಯಾ? ಹೈಡ್ರೋಜನ್ ಟ್ಯಾಂಕಿನ ಒಂದು ವಾಲ್ವಿನ ಮೆತ್ತನೆಯ ಸೀಲು ಹಾಳಾಗಿ, ಅನಿಲ ಸೋರಿ, ಒತ್ತಡ ಇಳಿದು ಕ್ರಯೋಜೆನಿಕ್ ಎಂಜಿನ್ ಹೊತ್ತಲೇ ಇಲ್ಲ. ಅಷ್ಟು ದೊಡ್ಡ ರಾಕೆಟ್ಟು, ಒಂದು ಸೀಲು. ಇಂಥದ್ದು ಸಿಕ್ಕರೆ ಖಳನಾಯಕನೇ ಬೇಡ ಕಥೆಗೆ. 2022ರಲ್ಲಿ ಚಂದ್ರನತ್ತ ಹೊರಟ ಆರ್ಟೆಮಿಸ್-1 ಕೂಡ ಹೈಡ್ರೋಜನ್ ಸೋರಿಕೆಯಿಂದ ತಿಂಗಳುಗಟ್ಟಲೆ ತಡವಾಯಿತು.

ಇನ್ನೊಂದು ಮಾತು. ಹೈಡ್ರೋಜನ್ ಉರಿ ಹಗಲಲ್ಲಿ ಕಣ್ಣಿಗೆ ಕಾಣುವುದಿಲ್ಲ. ನಾಸಾದ ಕೆಲಸಗಾರರು ಹಿಂದೆ ಪೊರಕೆಯನ್ನು ಮುಂದೆ ಚಾಚಿಕೊಂಡು ನಡೆಯುತ್ತಿದ್ದರು. ಪೊರಕೆ ಹೊತ್ತಿಕೊಂಡರೆ ಅಲ್ಲಿ ಬೆಂಕಿ ಇದೆ ಅಂತ. ಗಾಳಿ ತುಂಬಿದ ನೌಕೆಯ ಒಳಗೆ ಯಾರೋ ಒಬ್ಬರು ಪೊರಕೆ ಹಿಡಿದು ಓಣಿಯಲ್ಲಿ ಮೆಲ್ಲಗೆ ನಡೆಯುವ ದೃಶ್ಯ ಬರೆದು ನೋಡಿ. ನನಗಂತೂ ಯಾವ ಲೇಸರ್ ಯುದ್ಧಕ್ಕಿಂತ ಅದೇ ಇಷ್ಟ.

ಇಷ್ಟೆಲ್ಲ ರಗಳೆ ಬೇಡ ಅನ್ನುವವರು ನೀರು ತುಂಬಿಸಿ. ಇಲ್ಲಿ ಒಂದು ತಮಾಷೆ ಇದೆ. ಒಂದು ಲೀಟರ್ ದ್ರವ ಹೈಡ್ರೋಜನ್ನಿನಲ್ಲಿ 71 ಗ್ರಾಂ ಹೈಡ್ರೋಜನ್ ಇದ್ದರೆ, ಒಂದು ಲೀಟರ್ ನೀರಿನಲ್ಲಿ 111 ಗ್ರಾಂ ಇರುತ್ತದೆ! ಜಾಗ ಉಳಿಯುತ್ತದೆ, ಸೋರುವುದಿಲ್ಲ, ಮಂಜುಗಡ್ಡೆ ಮಾಡಿ ನೌಕೆಯ ಹೊರಗೇ ಕಟ್ಟಿಕೊಂಡು ಹೋಗಬಹುದು. ಬೆಲೆ ತೆರುವುದು ತೂಕದಲ್ಲಿ. ಒಂದು ಕಿಲೋ ಹೈಡ್ರೋಜನ್ನಿಗೆ ಎಂಟು ಕಿಲೋ ಆಕ್ಸಿಜನ್ ಹೊರಬೇಕು. ಬಿಡಿಸಿಕೊಳ್ಳಲು ಕರೆಂಟು ಬೇಕು, ಕಿಲೋಗೆ ಸುಮಾರು 50 ಯೂನಿಟ್. ನೀರನ್ನೇ ನೇರ ಕಾಯಿಸಿ ಆವಿಯಾಗಿ ಎಸೆಯಲೂಬಹುದು, ಆದರೆ ಹೊರಬೀಳುವ ವೇಗ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ.

ನೀರು ಎಲ್ಲೆಲ್ಲಿದೆ ಅನ್ನುವ ನಕ್ಷೆ ಈಗಾಗಲೇ ನಮ್ಮ ಕೈಲಿದೆ. ಚಂದ್ರನ ಧ್ರುವಗಳ ನೆರಳು ಗುಂಡಿಗಳು, ಕ್ಷುದ್ರಗ್ರಹಗಳ ಪಟ್ಟಿಯ ಸೀರೀಸ್, ಗುರುವಿನ ಚಂದ್ರ ಯೂರೋಪಾ, ಶನಿಯ ಚಂದ್ರ ಎನ್ಸೆಲಾಡಸ್. ಚಂದ್ರಯಾನ-1ರ ಉಪಕರಣಗಳು ಚಂದ್ರನ ಮೇಲೆ ನೀರಿನ ಗುರುತು ಹಿಡಿದ ಸುದ್ದಿ 2009ರಲ್ಲಿ ಬಂದಾಗಿನಿಂದ ಈ ವಿಷಯ ಓದುಗರಿಗೆ ಹೊಸದಲ್ಲ. ಅರ್ಧ ಸಾಲು ಸಾಕು.

ನೀರಿನಿಂದ ಸಿಗುವ ಇನ್ನೊಂದು ಉಪಕಾರವನ್ನು ಬಹಳ ಜನ ಮರೆಯುತ್ತಾರೆ. ಬಾಹ್ಯಾಕಾಶದ ವಿಕಿರಣಕ್ಕೆ ಸೀಸದ ಗೋಡೆಗಿಂತ ಹೈಡ್ರೋಜನ್ ಜಾಸ್ತಿ ಇರುವ ವಸ್ತು ಒಳ್ಳೆಯ ತಡೆ. ನೀರಿನ ಟ್ಯಾಂಕಿನ ನಡುವೆ ಮಲಗುವ ಕೋಣೆ ಇಟ್ಟರೆ ಅದೇ ಕವಚ. ಆದರೆ ಓಡಿಸಿದಷ್ಟೂ ನೀರು ಕಮ್ಮಿಯಾಗುತ್ತದೆ. ಕವಚವೂ ತೆಳ್ಳಗಾಗುತ್ತದೆ. ಬೇಗ ಊರು ಸೇರಬೇಕಾ, ಬದುಕಿ ಸೇರಬೇಕಾ?

ಮಿತಿ ಅಂದರೆ ದೂರ. ಗ್ರಹಗಳ ನಡುವೆ ತಿಂಗಳು, ವರ್ಷಗಳ ಲೆಕ್ಕದಲ್ಲಿ ಓಡಾಡಬಹುದು. ನಕ್ಷತ್ರಕ್ಕೆ ಆಗದ ಮಾತು. ಸೆಕೆಂಡಿಗೆ 17 ಕಿ.ಮೀ. ಓಡುವ ನಾಸಾದ ನಿಜವಾದ ನೌಕೆ ವಾಯೇಜರ್-1ರ ವೇಗದಲ್ಲಿ ಹೋದರೂ, ಅತಿ ಹತ್ತಿರದ ನಕ್ಷತ್ರದಷ್ಟು ದೂರಕ್ಕೆ ಸುಮಾರು 75,000 ವರ್ಷ.

ಡ್ಯೂಟೀರಿಯಂ

ನಕ್ಷತ್ರ ಬೇಕು ಅನ್ನುವವರಲ್ಲಿ ಹೆಚ್ಚಿನವರಿಗೆ ಕೊನೆಗೆ ಇದೇ ಹೊಂದುತ್ತದೆ.

ಹೆರಾಲ್ಡ್ ಯೂರೆ 1931ರಲ್ಲಿ ಕಂಡುಹಿಡಿದದ್ದು, 1934ರಲ್ಲಿ ಅದಕ್ಕೆ ನೊಬೆಲ್ ಬಂತು. ಮಾಮೂಲಿ ಹೈಡ್ರೋಜನ್ನಿನ ಬೀಜದಲ್ಲಿ ಒಂದೇ ಪ್ರೋಟಾನ್. ಇದರಲ್ಲಿ ಜೊತೆಗೊಂದು ನ್ಯೂಟ್ರಾನ್. ಇದು ಸೇರಿ ಆದ ನೀರೇ ಭಾರಜಲ. ಮಾಮೂಲಿ ನೀರಿಗಿಂತ ಸುಮಾರು 11% ತೂಕ ಜಾಸ್ತಿ. ಅದರ ಮಂಜುಗಡ್ಡೆ ಲೋಟದ ನೀರಿನಲ್ಲಿ ತೇಲುವುದಿಲ್ಲ, ಮುಳುಗುತ್ತದೆ. ಕಳ್ಳಸಾಗಣೆಯ ಕಥೆ ಬರೆಯುವವರಿಗೆ ಇದನ್ನು ಪುಕ್ಕಟೆ ಕೊಡುತ್ತಿದ್ದೇನೆ. ತಪಾಸಣೆ ಮಾಡುವವನ ಕೈಯಲ್ಲಿ ಒಂದು ಲೋಟ ಇದ್ದರೆ ಸಾಕು.

ಎಷ್ಟು ಸಿಗುತ್ತದೆ? ಭೂಮಿಯ ಸಮುದ್ರದಲ್ಲಿ ಸುಮಾರು 6,400 ಹೈಡ್ರೋಜನ್ ಪರಮಾಣುಗಳಿಗೆ ಒಂದು ಡ್ಯೂಟೀರಿಯಂ. ಒಂದು ಘನ ಮೀಟರ್ ನೀರಿಗೆ 33 ಗ್ರಾಂ ಆಸುಪಾಸು. ಕಮ್ಮಿ ಅನಿಸುತ್ತದೆ, ಅಲ್ವಾ? ಒಂದು ಟಿಎಂಸಿ ನೀರಿನಲ್ಲಿ ಎಷ್ಟಾಯಿತು ನೋಡಿ. 900 ಟನ್‌ಗೂ ಮೇಲೆ. ಕೆಆರ್‌ಎಸ್ ಅಣೆಕಟ್ಟು ತುಂಬಿ 49.45 ಟಿಎಂಸಿ ನಿಂತಾಗ ಅದರಲ್ಲಿ ಸುಮಾರು 45,000 ಟನ್ ಡ್ಯೂಟೀರಿಯಂ ಸುಮ್ನೆ ಕೂತಿರುತ್ತದೆ.

ಆ ಅಂಕಿಯನ್ನು ಇನ್ನೊಂದರ ಪಕ್ಕ ಇಡೋಣ. ಬ್ರಿಟಿಷ್ ಇಂಟರ್‌ಪ್ಲಾನೆಟರಿ ಸೊಸೈಟಿಯವರು 1973ರಿಂದ 1978ರವರೆಗೆ ಡೆಡಲಸ್ ಅನ್ನುವ ನೌಕೆಯನ್ನು ಕಾಗದದ ಮೇಲೆ ಕಟ್ಟಿದರು. ಜನ ಇಲ್ಲದ ನೌಕೆ. ಬೆಳಕಿನ ವೇಗದ 12%. ಸುಮಾರು 6 ಬೆಳಕಿನ ವರ್ಷ ದೂರದ ಬರ್ನಾರ್ಡ್ ನಕ್ಷತ್ರಕ್ಕೆ 50 ವರ್ಷದಲ್ಲಿ ಮುಟ್ಟಬೇಕು. ಬೇಕಾದ ಇಂಧನ 50,000 ಟನ್. ಅದರಲ್ಲಿ ಡ್ಯೂಟೀರಿಯಂ 20,000 ಟನ್, ಉಳಿದದ್ದು ಹೀಲಿಯಂನ ಹಗುರ ರೂಪವಾದ ಹೀಲಿಯಂ-3. ಅಂದರೆ ಒಂದು ಕೆಆರ್‌ಎಸ್ ತುಂಬಿದರೆ ಎರಡು ಡೆಡಲಸ್‌ಗೆ ಸಾಲುವಷ್ಟು ಡ್ಯೂಟೀರಿಯಂ. ಹೀಲಿಯಂ-3ಗೆ ಮಾತ್ರ ಅವರು ಗುರುಗ್ರಹದ ಗಾಳಿಯನ್ನು ಸೋಸಬೇಕೆಂದು ಹೇಳಿದರು. (ಚಂದ್ರನ ಮಣ್ಣಿನಲ್ಲೂ ಅದು ಇದೆ. ನೂರು ಟನ್ ಮಣ್ಣಿಗೆ ಒಂದು ಗ್ರಾಂ ಅನ್ನುವ ಲೆಕ್ಕದಲ್ಲಿ. ಚಂದ್ರನ ಗಣಿ ಅಂತ ಸಲೀಸಾಗಿ ಬರೆಯುವವರು ಇದನ್ನು ಒಮ್ಮೆ ಗುಣಿಸಿ ನೋಡಬೇಕು.)

ಹಾಗಾದರೆ ಡ್ಯೂಟೀರಿಯಂಗಾಗಿ ಜಗಳ ಹುಟ್ಟುವುದೇ ಇಲ್ಲವಾ? ಹುಟ್ಟುತ್ತದೆ, ಆದರೆ ಗಣಿಯಲ್ಲಲ್ಲ, ಬೇರ್ಪಡಿಸುವ ಕಾರ್ಖಾನೆಯಲ್ಲಿ. ಎರಡನೇ ಮಹಾಯುದ್ಧದಲ್ಲಿ ಇದು ನಿಜವಾಗಿಯೇ ನಡೆಯಿತು. ನಾರ್ವೆಯ ವೆಮೋರ್ಕ್‌ನಲ್ಲಿ ಭಾರಜಲದ ಕಾರ್ಖಾನೆ ಜರ್ಮನ್ನರ ಕೈಗೆ ಸಿಕ್ಕಿತು. 1943ರ ಫೆಬ್ರವರಿಯಲ್ಲಿ ನಾರ್ವೆಯ ಕಮಾಂಡೋಗಳು ಹಿಮದಲ್ಲಿ ನುಗ್ಗಿ ಅದನ್ನು ಸಿಡಿಸಿದರು. ಮರುವರ್ಷ ಉಳಿದ ಭಾರಜಲವನ್ನು ಸಾಗಿಸುತ್ತಿದ್ದ ದೋಣಿಯನ್ನೇ ಸರೋವರದಲ್ಲಿ ಮುಳುಗಿಸಿದರು. ಸಮುದ್ರದ ತುಂಬ ಇರುವ ವಸ್ತು, ಆದರೂ ಅದನ್ನು ಬೇರ್ಪಡಿಸಿ ಕೊಡುವ ಜಾಗ ಬೆರಳೆಣಿಕೆಯಷ್ಟು. ನಿಮ್ಮ ಲೋಕದಲ್ಲೂ ಹೀಗೇ ಮಾಡಿ. ಇಂಧನಕ್ಕೆ ಬರ ಬೇಡ, ಕಾರ್ಖಾನೆಗೆ ಬರ ಇರಲಿ.

ಗ್ರಹಗಳ ನಡುವೆ ವ್ಯಾಪಾರವೂ ಹುಟ್ಟುತ್ತದೆ. ಮಂಗಳದ ನೀರಿನಲ್ಲಿ ಡ್ಯೂಟೀರಿಯಂ ಪಾಲು ಭೂಮಿಯದಕ್ಕಿಂತ ಐದಾರು ಪಟ್ಟು. ಶುಕ್ರನಲ್ಲಿ ನೂರು ಪಟ್ಟಿಗೂ ಜಾಸ್ತಿ. ಹಗುರ ಹೈಡ್ರೋಜನ್ ಯುಗಯುಗಗಳಲ್ಲಿ ಆಕಾಶಕ್ಕೆ ಹಾರಿಹೋಗಿ ಭಾರದ್ದು ಹಿಂದೆ ಉಳಿದಿದೆ. ಶುಕ್ರನಲ್ಲಿ ನೀರೇ ಇಲ್ಲದಿರುವುದು ಬೇರೆ ಮಾತು. ಮಂಗಳದ ಬಡ ವಸಾಹತು ಭೂಮಿಗೆ ಮಾರಬಹುದಾದ ಸರಕು ಏನು ಅಂತ ತಲೆ ಕೆರೆದುಕೊಳ್ಳುವವರಿಗೆ ಇಲ್ಲೇ ಉತ್ತರ ಇದೆ. ಗುರುಗ್ರಹದಲ್ಲಿ ಹೈಡ್ರೋಜನ್ ರಾಶಿ ರಾಶಿ ಇದ್ದರೂ ಅದರಲ್ಲಿ ಡ್ಯೂಟೀರಿಯಂ ಪಾಲು ಭೂಮಿಯದಕ್ಕಿಂತ ಕಮ್ಮಿ. ಮೇಲಾಗಿ ಅಲ್ಲಿಂದ ಪೂರ್ತಿ ಹೊರಬೀಳಲು ಸೆಕೆಂಡಿಗೆ ಸುಮಾರು 60 ಕಿ.ಮೀ. ವೇಗ ಬೇಕು. ಯುರೇನಸ್‌ನಲ್ಲಿ 21 ಸಾಕು. ಗಾಳಿ ಸೋಸುವ ಕಥೆ ಬರೆಯುವವರು ಸುಮ್ಮನೆ ಗುರುವಿಗೆ ಜೋತುಬೀಳದೆ ಯುರೇನಸ್ಸಿನತ್ತ ನೋಡಿ.

ಇನ್ನು ಕಾಟದ ವಿಷಯ. ಡ್ಯೂಟೀರಿಯಂ ತಾನಾಗಿ ಯಾರಿಗೂ ತೊಂದರೆ ಕೊಡುವುದಿಲ್ಲ. ಸವೆಯುವುದಿಲ್ಲ, ವಿಕಿರಣ ಇಲ್ಲ. ಭಾರಜಲವಾಗಿ ಸಾವಿರ ವರ್ಷ ಇಡಬಹುದು. ನಮ್ಮ ಕಾರವಾರದ ಹತ್ತಿರದ ಕೈಗಾದಲ್ಲಿ ರಿಯಾಕ್ಟರುಗಳ ಒಳಗೆ ತುಂಬಿರುವುದು ಇದೇ ಭಾರಜಲ. ಅಲ್ಲಿ ಅದು ಇಂಧನ ಅಲ್ಲ, ನ್ಯೂಟ್ರಾನಿನ ಓಟ ತಗ್ಗಿಸುವ ಕೆಲಸಕ್ಕೆ. ಅದರ 1ನೇ ಘಟಕ 2018ರ ಕೊನೆಯವರೆಗೆ 962 ದಿನ ಒಮ್ಮೆಯೂ ನಿಲ್ಲದೆ ಓಡಿತು. ಕಥೆಯ ರಿಯಾಕ್ಟರ್ ಎರಡೂವರೆ ವರ್ಷ ನಿಲ್ಲದೆ ಓಡಬಹುದಾ ಅಂತ ಕೇಳುವವರಿಗೆ ಇಷ್ಟು ಸಾಕು.

ಕಷ್ಟ ಇರುವುದು ಬೆಸೆಯುವುದರಲ್ಲಿ. ಹಗುರ ಬೀಜಗಳು ಬೆಸೆದು ಒಂದಾದಾಗಲೇ ಶಕ್ತಿ ಸಿಗುವುದು, ಅದಕ್ಕೇ ಸಮ್ಮಿಲನ ಅನ್ನುವುದು. ಹತ್ತು ಕೋಟಿ ಡಿಗ್ರಿ ದಾಟಬೇಕು. ಅತಿ ಸುಲಭದ ಜೋಡಿ ಡ್ಯೂಟೀರಿಯಂ ಮತ್ತು ಟ್ರಿಟಿಯಂ. ಆದರೆ ಅದರ ಶಕ್ತಿಯ 80% ನ್ಯೂಟ್ರಾನಿನ ಜೊತೆ ಹೊರಟುಹೋಗುತ್ತದೆ. ಕಾದ ಇಂಧನವನ್ನು ಹಿಡಿದಿಡುವ ಆಯಸ್ಕಾಂತದ ಹಂಗು ನ್ಯೂಟ್ರಾನಿಗೆ ಇಲ್ಲ. ಗೋಡೆಗೆ ಬಡಿದು ಲೋಹ ಹಾಳು ಮಾಡುತ್ತದೆ, ಮುಟ್ಟಿದ್ದನ್ನೆಲ್ಲ ವಿಕಿರಣದ ಕಸ ಮಾಡುತ್ತದೆ. ಹೀಲಿಯಂ-3 ಹಾಕಿದರೆ ನ್ಯೂಟ್ರಾನ್ ಕಮ್ಮಿ, ಬಿಸಿ ಇನ್ನೂ ಜಾಸ್ತಿ ಬೇಕು, ಸಾಮಾನೂ ಅಪರೂಪ. ಡ್ಯೂಟೀರಿಯಂ ಒಂದನ್ನೇ ಉರಿಸಿದರೆ ಸಾಮಾನು ಸಸ್ತಾ, ಬೆಂಕಿ ಹೊತ್ತಿಸುವುದು ಕಷ್ಟ. ಮೂರರಲ್ಲಿ ಒಂದು ಕಾಟ ನೀವೇ ಆರಿಸಿಕೊಳ್ಳಬೇಕು.

2022ರ ಡಿಸೆಂಬರ್ 5ರಂದು ಅಮೆರಿಕದ ಲೇಸರ್ ಪ್ರಯೋಗವೊಂದರಲ್ಲಿ 2.05 ಮೆಗಾಜೌಲ್ ಲೇಸರ್ ಬೆಳಕು ಹಾಕಿ 3.15 ಪಡೆದರು. ಪತ್ರಿಕೆಗಳಲ್ಲೆಲ್ಲ ಅದೇ ಸುದ್ದಿ. ಆದರೆ ಆ ಲೇಸರ್ ಹೊತ್ತಿಸಲು ಗೋಡೆಯ ಪ್ಲಗ್ಗಿನಿಂದ ಎಳೆದದ್ದು ಸುಮಾರು 300 ಮೆಗಾಜೌಲ್. ಕಥೆ 2040ರಲ್ಲಿ ನಡೆಯುತ್ತದೆ ಅಂದರೆ ಸಮ್ಮಿಲನದ ನೌಕೆ ಬೇಡ. 2200 ಅಂದರೆ ಯಾರೂ ಕೇಳುವುದಿಲ್ಲ.

ಸಮ್ಮಿಲನದ ನೌಕೆ ಬರೆದರೆ ಬಿಸಿ ಹೊರಹಾಕುವ ರೆಕ್ಕೆಗಳನ್ನು ಮರೆಯಬೇಡಿ. ಬಾಹ್ಯಾಕಾಶದಲ್ಲಿ ಗಾಳಿ ಇಲ್ಲ. ಬಿಸಿ ಬೆಳಕಾಗಿಯೇ ಹೋಗಬೇಕು. ಕೆಂಪಗೆ ಕಾದ ದೊಡ್ಡ ರೆಕ್ಕೆಗಳು ಬೇಕೇ ಬೇಕು. ಅಡಗಿ ಕೂರುವ ಕಥೆಗೆ ಅದೇ ದೊಡ್ಡ ತೊಡಕು.

ಟ್ರಿಟಿಯಂ: ಗಡಿಯಾರ ಬೇಕಾದವರಿಗೆ

ನನ್ನನ್ನು ನಗೆಪಾಟಲು ಮಾಡಿದ್ದು ಇದೇ. ಈಗ ಇದು ನನ್ನ ಮೆಚ್ಚಿನದು. ಟ್ರಿಟಿಯಂ ಪ್ರಕೃತಿಯಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಲಿಥಿಯಂಗೆ ನ್ಯೂಟ್ರಾನ್ ಹೊಡೆದು ಮಾಡಬೇಕು. 12.3 ವರ್ಷಕ್ಕೆ ಅರ್ಧ ಹೀಲಿಯಂ-3 ಆಗಿಬಿಡುತ್ತದೆ. 100 ವರ್ಷದ ಪಯಣಕ್ಕೆ ಒಂದು ಕಿಲೋ ಇಟ್ಟರೆ ಕೊನೆಗೆ ಮೂರೂವರೆ ಗ್ರಾಂ ಚಿಲ್ಲರೆ. ಬರಿಯ ದಾಸ್ತಾನಿನ ಕೋಣೆಯೇ ನಿಮಗೆ ಗಡುವು ಕೊಡುತ್ತದೆ.

ಆದರೆ ಟ್ಯಾಂಕು ಖಾಲಿಯಾಗುವುದಿಲ್ಲ ಅನ್ನುವುದು ಗಮನಿಸಿ. ಕಳೆದದ್ದೆಲ್ಲ ಹೀಲಿಯಂ-3 ಆಗಿ ಅಲ್ಲೇ ಕೂತಿರುತ್ತದೆ, ಅದೂ ಒಳ್ಳೆಯ ಇಂಧನವೇ! ನನ್ನ ಹಳೆಯ ಕಥೆಯನ್ನು ಈಗ ಬರೆದರೆ ಆ ಪಾಳು ನೌಕೆಯಲ್ಲಿ ಸಿಗುವುದು ಅದು. ನಾಯಕ ಗುಂಡಿ ಒತ್ತಿದರೆ ಎಂಜಿನ್ ಹೊತ್ತುವುದಿಲ್ಲ. ಹೊಸ ಇಂಧನಕ್ಕೆ ಬೇಕಾದ ಬಿಸಿ ಹಳೆಯ ಎಂಜಿನ್ನಿಗೆ ಆಗುವುದಿಲ್ಲ. ಮೇಷ್ಟ್ರಿಗೆ ಇದನ್ನು ತಿಳಿಸಬೇಕಿತ್ತು.

ಆಕಾಶದಿಂದ ಬಾಚಿಕೊಳ್ಳುವುದು

ಇಂಧನ ಹೊರುವುದೇ ಯಾಕೆ, ದಾರಿಯಲ್ಲೇ ಹೈಡ್ರೋಜನ್ ಬಾಚಿಕೊಂಡು ಹೋಗೋಣ ಅಂದವರು ರಾಬರ್ಟ್ ಬಸ್ಸಾರ್ಡ್, 1960ರಲ್ಲಿ. ಆಯಸ್ಕಾಂತದ ದೊಡ್ಡ ಬಾಯಿ ತೆರೆದು ಓಡುವ ನೌಕೆ. ಸ್ಟಾರ್ ಟ್ರೆಕ್ ನೌಕೆಗಳ ಎಂಜಿನ್ ಮೂತಿಯಲ್ಲಿ ಕೆಂಪಗೆ ಹೊಳೆಯುವುದಕ್ಕೆ ಇವರದ್ದೇ ಹೆಸರು. ಅದೇ ಮೂತಿ ಇಟ್ಟುಕೊಂಡೂ ವಾಯೇಜರ್ ಇಂಧನಕ್ಕೆ ಪರದಾಡಿದ್ದು ನೋಡುಗರಿಗೆ ಇನ್ನಷ್ಟು ನಗು ತರಿಸಿತು.

ಓದುಗರಿಗೆ ಒಂದೇ ಸಾಲಿನಲ್ಲಿ ಅರ್ಥವಾಗುತ್ತದೆ, ಅದು ಇದರ ದೊಡ್ಡ ಗುಣ. ಲೆಕ್ಕ ಮಾತ್ರ ಕಷ್ಟ. ನಕ್ಷತ್ರಗಳ ನಡುವೆ ಒಂದು ಘನ ಸೆಂಟಿಮೀಟರಿಗೆ ಒಂದು ಪರಮಾಣು ಅಂತ ಧಾರಾಳವಾಗಿಯೇ ಇಟ್ಟುಕೊಳ್ಳೋಣ. ಬೆಳಕಿನ ಹತ್ತನೇ ಒಂದು ಭಾಗದ ವೇಗದಲ್ಲಿ, ಒಂದು ಚದರ ಕಿಲೋಮೀಟರ್ ಬಾಯಿ ತೆರೆದುಕೊಂಡು ಓಡಿದರೆ ದಿನಕ್ಕೆ ಸಿಗುವುದು 4 ಗ್ರಾಂ ಚಿಲ್ಲರೆ. ಒಂದು ಚಮಚ ಸಕ್ಕರೆಯಷ್ಟು. ಬಾಯಿ ಸಾವಿರಾರು ಕಿಲೋಮೀಟರ್ ಅಗಲ ಇರಬೇಕು. ಸಿಗುವುದೂ ಬಹುಪಾಲು ಮಾಮೂಲಿ ಹೈಡ್ರೋಜನ್. ಅದು ಬೆಸೆಯುವುದು ಎಷ್ಟು ನಿಧಾನ ಅಂದರೆ ಸೂರ್ಯನ ನಡುವಿನಲ್ಲಿ ಒಂದು ಪ್ರೋಟಾನ್ ತನ್ನ ಸರದಿಗೆ ಸರಾಸರಿ ನೂರಾರು ಕೋಟಿ ವರ್ಷ ಕಾಯುತ್ತದೆ. ಅದರ ಮೇಲೆ ಬಾಚುವ ಬಾಯೇ ಬ್ರೇಕಿನ ಹಾಗೆ ನೌಕೆಯನ್ನು ಹಿಂದಕ್ಕೆ ಎಳೆಯುತ್ತದೆ.

ಆ ಬ್ರೇಕನ್ನೇ ಬಳಸಿಕೊಳ್ಳಿ ಅನ್ನುತ್ತೇನೆ ನಾನು. ಡ್ಯೂಟೀರಿಯಂನಲ್ಲಿ ಓಡಿ, ಗುರಿ ಹತ್ತಿರವಾದಾಗ ಬಾಯಿ ತೆರೆದು ನಿಧಾನ ಮಾಡಿ. ಡೆಡಲಸ್‌ಗೆ ನಿಲ್ಲುವ ಉಪಾಯವೇ ಇರಲಿಲ್ಲ, ನಕ್ಷತ್ರದ ಪಕ್ಕದಲ್ಲಿ ಹಾದುಹೋಗುವುದು ಅಷ್ಟೇ. ಜನ ಇರುವ ನೌಕೆಗೆ ನಿಲ್ಲಲೇಬೇಕು.

ಆಂಟಿಹೈಡ್ರೋಜನ್, ಮತ್ತೆ ಲೋಹದ ಹೈಡ್ರೋಜನ್

ಶಕ್ತಿಯಲ್ಲಿ ಆಂಟಿಹೈಡ್ರೋಜನ್ನಿಗೆ ಸಾಟಿ ಇಲ್ಲ. ಅರ್ಧ ಗ್ರಾಂ ಇದು, ಅರ್ಧ ಗ್ರಾಂ ಮಾಮೂಲಿ ವಸ್ತು ಕೂಡಿದರೆ 20 ಕಿಲೋಟನ್‌ಗೂ ಮೇಲೆ. ಹಿರೋಶಿಮಾದ ಬಾಂಬಿನದ್ದು ಸುಮಾರು 15. ಯುರೋಪಿನ ಸರ್ನ್ ಪ್ರಯೋಗಾಲಯದಲ್ಲಿ 1995ರಲ್ಲಿ ಒಂಬತ್ತು ಪರಮಾಣು ಮಾಡಿದರು. 2011ರಲ್ಲಿ ಅದನ್ನು 1,000 ಸೆಕೆಂಡ್ ಹಿಡಿದಿಟ್ಟ ಸುದ್ದಿ ಬಂತು. 2023ರಲ್ಲಿ ಅದೂ ಕೆಳಕ್ಕೇ ಬೀಳುತ್ತದೆ ಅಂತ ತೋರಿಸಿದರು. ಹಿಡಿಯುವ ಆಯಸ್ಕಾಂತದ ಬಲೆ ಎಷ್ಟು ಸಡಿಲ ಅಂದರೆ ಪರಮಶೂನ್ಯದಿಂದ ಅರ್ಧ ಡಿಗ್ರಿ ಮೇಲೆ ಬಂದರೂ ತಪ್ಪಿಸಿಕೊಳ್ಳುತ್ತದೆ.

ಬರೆಯುವವರು ಮರೆಯುವುದು ಒಂದು. ಇದು ಎಲ್ಲೂ ಅಗೆದು ತರುವ ವಸ್ತು ಅಲ್ಲ. ಮಾಡಬೇಕು. ಮಾಡಲು ಹಾಕುವ ಶಕ್ತಿ, ಸಿಗುವುದಕ್ಕಿಂತ ಇವತ್ತು ಕೋಟಿಗಟ್ಟಲೆ ಪಟ್ಟು ಜಾಸ್ತಿ. ಹಾಗಾಗಿ ಇದು ಇಂಧನ ಅನ್ನುವುದಕ್ಕಿಂತ ಬ್ಯಾಟರಿ. ಬ್ಯಾಟರಿ ತುಂಬಿಸಿಕೊಡುವ ಯಾವುದೋ ಒಂದು ಸಾಮ್ರಾಜ್ಯ ಹಿಂದೆ ಇರಲೇಬೇಕು. ಒಬ್ಬಂಟಿ ಕಳ್ಳಸಾಗಣೆದಾರನ ಹಳೆಯ ನೌಕೆಯಲ್ಲಿ ಆಂಟಿಹೈಡ್ರೋಜನ್ ಅಂದರೆ ಗುಡಿಸಲಿನಲ್ಲಿ ಆನೆ ಕಟ್ಟಿದ ಹಾಗೆ. ಕಾದಂಬರಿ, ದೊಡ್ಡ ರಾಜಕೀಯ, ಪುಟಕ್ಕೆ ಬರ ಇಲ್ಲ ಅಂದರೆ ಮಾತ್ರ ಇದಕ್ಕೆ ಕೈ ಹಾಕಿ.

ಲೋಹದ ಹೈಡ್ರೋಜನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ವಿಪರೀತ ಒತ್ತಡದಲ್ಲಿ ಹೈಡ್ರೋಜನ್ ಲೋಹದಂತೆ ಆಗುತ್ತದೆ ಅಂತ 1935ರಲ್ಲೇ ಲೆಕ್ಕ ಹಾಕಿದ್ದರು. ಗುರುವಿನ ಒಡಲಲ್ಲಿ ಅದೇ ತುಂಬಿದೆ ಅನ್ನುತ್ತಾರೆ. 2017ರಲ್ಲಿ ಹಾರ್ವರ್ಡ್‌ನಲ್ಲಿ ಎರಡು ವಜ್ರಗಳ ನಡುವೆ ಅದುಮಿ ಮಾಡಿದೆವು ಅಂದರು, ಬೇರೆಯವರು ಒಪ್ಪಲಿಲ್ಲ. ಅಷ್ಟರಲ್ಲಿ ವಜ್ರವೇ ಒಡೆದು ಸ್ಯಾಂಪಲ್ ಕಾಣೆಯಾಯಿತು. ಒತ್ತಡ ತೆಗೆದ ಮೇಲೂ ಲೋಹವಾಗಿಯೇ ಉಳಿಯುತ್ತದಾ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಪತ್ತೇದಾರಿ ಕಥೆಗೆ ಚೆನ್ನ. ನೌಕೆಗೆ ಬೇಡ.

ಯಾರಿಗೆ ಯಾವುದು

ಮೊನ್ನೆ ಬಂದ ಎರಡು ಕರಡುಗಳನ್ನೇ ಹೇಳುತ್ತೇನೆ. ಒಂದರಲ್ಲಿ ಮೂರು ತಲೆಮಾರು ನೌಕೆಯಲ್ಲೇ ಹುಟ್ಟಿ ಸಾಯುತ್ತದೆ. ಬರೆದವರು ಆಂಟಿಮ್ಯಾಟರ್ ಹಾಕಿದ್ದರು. ಅಜ್ಜಿ ತುಂಬಿಸಿಟ್ಟದ್ದು ಮೊಮ್ಮಗಳಿಗೆ ಉಳಿಯಬೇಕಾದರೆ ಭಾರಜಲದ ಮಂಜುಗಡ್ಡೆಯೇ ಸರಿ ಅಂದೆ. ಹೊತ್ತಿಸುವುದಕ್ಕೆ ಬೇಕಾದ ಟ್ರಿಟಿಯಂ ಮಾತ್ರ ಪ್ರತಿ ತಲೆಮಾರೂ ಹೊಸದಾಗಿ ಮಾಡಿಕೊಳ್ಳಬೇಕು. ಒಂದು ತಲೆಮಾರು ಉದಾಸೀನ ಮಾಡಿದರೆ ಮುಂದಿನವರಿಗೆ ಒಲೆ ಹೊತ್ತುವುದಿಲ್ಲ.

ಎರಡನೆಯದು ಚಿಕ್ಕ ಕಥೆ, 2,000 ಪದ. ಶನಿಯ ಹಿಮಚಂದ್ರನ ಮೇಲೆ ಹುಡುಗಿಯೊಬ್ಬಳು ಒಂಟಿಯಾಗಿ ಸಿಕ್ಕಿಬಿದ್ದಿದ್ದಾಳೆ. ಟ್ಯಾಂಕು ಖಾಲಿ. ಬರೆದವರು ಅವಳಿಗೆ ಯಾವುದೋ ಹೊಳೆಯುವ ಹರಳು ಸಿಗುವಂತೆ ಮಾಡಿದ್ದರು. ಹರಳು ಬೇಡ, ಅವಳ ಕಾಲ ಕೆಳಗೇ ಇಂಧನ ಇದೆ ಅಂದೆ. ಮನೆ ಸೇರಲು 10 ಟನ್ ಹೈಡ್ರೋಜನ್ ಬೇಕು ಅಂತ ಇಟ್ಟುಕೊಳ್ಳಿ. ಅವಳ ಹತ್ತಿರ ಉಳಿದಿರುವ ಜನರೇಟರ್ 10 ಕಿಲೋವಾಟ್. ಕಿಲೋಗೆ 50 ಯೂನಿಟ್ ಲೆಕ್ಕದಲ್ಲಿ ಐದು ಗಂಟೆಗೆ ಒಂದು ಕಿಲೋ. 10 ಟನ್ ಆಗಲು 50,000 ಗಂಟೆ, ಅಂದರೆ ಐದು ವರ್ಷ ಎಂಟು ತಿಂಗಳು. ಅಥವಾ ಇವತ್ತೇ ಟ್ಯಾಂಕಿಗೆ ಬರೀ ನೀರು ತುಂಬಿ ಆವಿಯ ಮೇಲೆ ಹೊರಡಬಹುದು. ಆಗ ದಾರಿಯಲ್ಲೇ ಅಷ್ಟು ವರ್ಷ ಹೆಚ್ಚು ಹಿಡಿಯುತ್ತದೆ, ಊಟ ಎಷ್ಟು ದಿನಕ್ಕಿದೆ ಅಂತ ಡಬ್ಬಿ ಎಣಿಸಬೇಕು.

ಅವರು ಇನ್ನೂ ಉತ್ತರ ಬರೆದಿಲ್ಲ. ಡಬ್ಬಿ ಎಣಿಸುತ್ತಿರಬೇಕು.